ಕೈಗೆ ಕಟ್ಟಿಕೊಂಡ ಶಾನುಭೋಗ

ಬೆಂಗಳೂರಿನಿಂದ ಬಂದಿದ್ದ ಮಗ ನನ್ನ ಕೈಗೊಂದು ಸ್ಮಾರ್ಟ್ ವಾಚು ಕಟ್ಟಿ ಹೋದ. ಅಂದಿನಿಂದ ನನ್ನ ಬೆವರಿಗೊಬ್ಬ ಶಾನುಭೋಗ ಗಂಟುಬಿದ್ದ ಹಾಗಾಗಿದೆ.

ಮೊದಲ ತಕರಾರು ಬಂದದ್ದು ಅಡಿಕೆ ಸುಲಿಯುವಾಗ. ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತರೆ ಏಳುವುದು ಕಾಫಿಗೆ ಮಾತ್ರ. ಎರಡು ಗಂಟೆ ಕಳೆದು ನೋಡಿದರೆ, ನಾನು ನಾಲ್ಕು ಸಾವಿರ ಹೆಜ್ಜೆ ನಡೆದೆನೆಂದು ವಾಚು ಶಹಬ್ಬಾಸ್ ಕೊಡುತ್ತಿದೆ! ಅದೇ ಸಂಜೆ ಗುಡ್ಡೆಯಿಂದ ಸೊಪ್ಪಿನ ಹೊರೆ ತಲೆಯಲ್ಲಿಟ್ಟು, ಎರಡೂ ಕೈಯಲ್ಲಿ ಗಟ್ಟಿ ಹಿಡಿದು ತೋಟಕ್ಕೆ ಇಳಿಸಿದೆ. ಒಂದಲ್ಲ, ನಾಲ್ಕು ಸಲ. ಕುತ್ತಿಗೆ, ಸೊಂಟ ಎರಡೂ ಸಾಕ್ಷಿ ಹೇಳಲು ತಯಾರಿದ್ದವು. ವಾಚು ಮಾತ್ರ ‘ಎದ್ದು ಸ್ವಲ್ಪ ಓಡಾಡಿ’ ಎಂದಿತು. ಕೈ ಬೀಸದವನು ಅದರ ಪಾಲಿಗೆ ನಡೆದವನೇ ಅಲ್ಲ.

“ಕೂತವನಿಗೆ ಕೂಲಿ, ಹೊತ್ತವನಿಗೆ ಬೈಗುಳ. ಒಳ್ಳೆ ಯಜಮಾನನನ್ನೇ ತಂದಿದ್ದಾನೆ ನಿನ್ನ ಮಗ” ಎಂದರು ಅಮ್ಮ.

ಪಾಪ, ಅದಕ್ಕೂ ಅದರದೇ ಕಷ್ಟ ಉಂಟು. ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ಚರ್ಮದೊಳಗಿನ ರಕ್ತ ಹೀರುತ್ತದೆ. ಆ ಹೀರುವಿಕೆಯ ಏರಿಳಿತ ನೋಡಿ ಎದೆಬಡಿತ ಎಣಿಸುತ್ತದೆ. ಅದನ್ನು ಬಹುಮಟ್ಟಿಗೆ ನಂಬಬಹುದು. ಕ್ಯಾಲರಿಯನ್ನೋ, ಅದು ಕಂಡದ್ದೇ ಇಲ್ಲ. ಎದೆಬಡಿತ, ಕೈಯ ಅಲುಗಾಟ, ನಾವೇ ತುಂಬಿಸಿದ ವಯಸ್ಸು, ತೂಕ ಎಲ್ಲವನ್ನೂ ಸೂತ್ರಕ್ಕೆ ಹಾಕಿ ಒಂದು ಅಂದಾಜು. (ತೂಕದಲ್ಲಿ ನಾನು ನಾಲ್ಕು ಕಿಲೋ ಕಡಿಮೆ ಬರೆದದ್ದು ಬೇರೆ ವಿಷಯ.) ಸರಿಯಾಗಿ ಅಳೆಯುವುದಾದರೆ ಮುಖಕ್ಕೆ ಮಾಸ್ಕ್ ಕಟ್ಟಿ, ಉಸಿರಿನಲ್ಲಿ ಆಮ್ಲಜನಕ ಎಷ್ಟು ಖರ್ಚಾಯಿತೆಂದು ನೋಡಬೇಕು, ಲೀಟರಿಗೆ ಸುಮಾರು 5 ಕಿಲೋಕ್ಯಾಲರಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರನ್ನು ನಡೆಸಿ, ಓಡಿಸಿ, ಸೈಕಲ್ ತುಳಿಸಿ ಇಂಥ ಏಳು ಸಾಧನಗಳನ್ನು ಪರೀಕ್ಷೆಗೆ ಕೂರಿಸಿದರು. ಎದೆಬಡಿತದಲ್ಲಿ ಆರು ಪಾಸು, ತಪ್ಪು ಶೇ. 5ರೊಳಗೆ. ಕ್ಯಾಲರಿಯಲ್ಲಿ ತರಗತಿಗೇ ಮೊದಲು ಬಂದದ್ದು ಸರಾಸರಿ ಶೇ. 27 ತಪ್ಪಿತ್ತು, ಕೊನೆಯದು ಶೇ. 93.

ಅಡಿಕೆ ಅಂಗಡಿಯಲ್ಲಿ ಕ್ವಿಂಟಾಲಿಗೆ ಅರ್ಧ ಕಿಲೋ ಕಡಿಮೆ ಬಿದ್ದರೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಜಗಳ ಆಡುವವನು ನಾನು. ಮಣಿಕಟ್ಟಿನ ತಕ್ಕಡಿಗೆ ಮಾತ್ರ ತಲೆಯಾಡಿಸುತ್ತೇನೆ. ಸೊಪ್ಪು ಹೊತ್ತ ದಿನ ಬಿಟ್ಟರೆ ಅದರ ತಪ್ಪೆಲ್ಲ ನನ್ನ ಲಾಭಕ್ಕೇ ಇರುವುದಲ್ಲ! ಅಡಿಕೆ ಸುಲಿದ ಸಂಜೆ ಅದು ‘ಐನೂರು ಖರ್ಚು’ ಎಂದರೆ ಗೋಳಿಬಜೆ ಇನ್ನೆರಡು ಹಾಕಿಸಿಕೊಳ್ಳಲು ಧೈರ್ಯ ಬರುತ್ತದೆ.

ಮೊನ್ನೆ ಮತ್ತೆ ಸೊಪ್ಪಿಗೆ ಹೊರಟಾಗ ಅಮ್ಮ, “ಅದನ್ನು ಕಾಲಿಗೆ ಕಟ್ಟಿ ನೋಡು ಮಾರಾಯ” ಎಂದರು. ಪಟ್ಟಿ ಸಾಲದೆ ಬಾಳೆನಾರು ಸೇರಿಸಿ, ಪ್ಯಾಂಟಿನ ಮೇಲೇ ಬಿಗಿದೆ. ಹೊರೆ ಇಳಿಸಿ ಬಗ್ಗಿ ನೋಡಿದೆ. ಹೆಜ್ಜೆ ಎಲ್ಲ ಬಂದಿದೆ, ಎದೆಬಡಿತದ ಜಾಗದಲ್ಲಿ ಬರೀ ಎರಡು ಗೆರೆ.