ಪಾಯಿಂಟ್ ಆದಮೇಲಿನ ಅಂಕಿ

ನಮ್ಮೂರ ಮನೆಯ ಪಡಸಾಲೆಯಲ್ಲಿ ಒಂದು ತಂತಿ ತೂಗುಬಿದ್ದಿದೆ. ಕಬ್ಬಿಗೆ ಸಕ್ಕರೆ ಫ್ಯಾಕ್ಟರಿ ಕೊಟ್ಟ ಹಳೆಯ ಬಿಲ್ಲುಗಳನ್ನೆಲ್ಲ ಅಪ್ಪ ಅದಕ್ಕೆ ಚುಚ್ಚಿ ಇಟ್ಟಿದ್ದಾನೆ. ಪ್ರತಿ ವರ್ಷದ ಬಿಲ್ಲಿನ ಜೊತೆ ಆ ವರ್ಷದ ಎಫ್‌ಆರ್‌ಪಿ ಸುದ್ದಿಯ ಪೇಪರ್ ತುಂಡೂ ಇರುತ್ತದೆ. ಹೋದ ವಾರ ಮುಧೋಳಕ್ಕೆ ಹೋದಾಗ ಕರೆಂಟ್ ಇರಲಿಲ್ಲ, ಮೊಬೈಲೂ ಸತ್ತಿತ್ತು. ಸುಮ್ನೆ ಕೂತು ಆ ತುಂಡುಗಳನ್ನು ಓದಿದೆ. ಓದಿದ ಮೇಲೆ ತಲೆ ಕೆಟ್ಟಿತು.

ಕಬ್ಬು ಬೆಳೆಯದವರಿಗಾಗಿ ಒಂದು ಮಾತು. ಎಫ್‌ಆರ್‌ಪಿ ಅಂದರೆ ಫ್ಯಾಕ್ಟರಿಯವರು ರೈತನ ಕಬ್ಬಿಗೆ ಕೊಡಲೇಬೇಕಾದ, ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಗೊತ್ತು ಮಾಡುವ ಕನಿಷ್ಠ ದರ. ಆ ದರಕ್ಕೊಂದು ಬಾಲ ಇರುತ್ತದೆ, ಬೇಸ್ ರಿಕವರಿ ಅಂತ. ನೂರು ಕೆಜಿ ಕಬ್ಬು ನುರಿಸಿದರೆ ಇಂತಿಷ್ಟು ಕೆಜಿ ಸಕ್ಕರೆ ಬರಬೇಕು, ಆಗ ಈ ದರ. ಜಾಸ್ತಿ ಬಂದರೆ ಮೇಲೆ ಒಂದಿಷ್ಟು, ಕಡಿಮೆ ಬಂದರೆ ಕಡಿತ.

2017-18ರಲ್ಲಿ ಟನ್‌ಗೆ 2,550 ರೂಪಾಯಿ ಇತ್ತು. ಬೇಸ್ 9.5, ಅಂದರೆ ನೂರು ಕೆಜಿ ಕಬ್ಬಿಗೆ ಒಂಬತ್ತೂವರೆ ಕೆಜಿ ಸಕ್ಕರೆ. ಮುಂದಿನ ವರ್ಷ 2,750. ಪೇಪರಿನವರು ದಪ್ಪ ಅಕ್ಷರದಲ್ಲಿ 200 ರೂಪಾಯಿ ಏರಿಕೆ ಅಂದರು. ಊರಲ್ಲಿ ಖುಷಿಯೋ ಖುಷಿ. ಆದರೆ ಅದೇ ಆದೇಶದಲ್ಲಿ ಬೇಸ್ 10ಕ್ಕೆ ಏರಿತ್ತು. ಹಿಂದಿನ ವರ್ಷದಂತೆಯೇ 9.5 ರಿಕವರಿ ಬಂದ ಕಬ್ಬಿಗೆ ಸಿಗುವುದು 2,612 ರೂಪಾಯಿ 50 ಪೈಸೆ. ಏರಿದ್ದು 200 ಅಲ್ಲ, ಅರವತ್ತೆರಡೂವರೆ ರೂಪಾಯಿ.

2022-23ರಲ್ಲಿ ಮತ್ತೆ ಅದೇ ಆಟ. 2,900 ಇದ್ದದ್ದು 3,050 ಆಯಿತು. ಬೇಸ್ 10ರಿಂದ 10.25ಕ್ಕೆ ಹೋಯಿತು. ಲೆಕ್ಕ ಹಾಕಿ ನೋಡಿ, ರಿಕವರಿ 10 ಇದ್ದ ಕಬ್ಬಿಗೆ ಬಂದದ್ದು 73 ರೂಪಾಯಿ ಚಿಲ್ಲರೆ. ಹೆಡ್ಡಿಂಗಿನಲ್ಲಿದ್ದದ್ದು 150.

ದರ ಇಳಿಸಿದ್ದರೆ ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ಬರುತ್ತಿದ್ದವು. ಪಾಯಿಂಟ್ ಆದಮೇಲಿನ ಅಂಕಿಗೆ ಯಾರು ಟೈರ್ ಸುಡುತ್ತಾರೆ?

ಹೊಸ ತಳಿ ಬಂದವು, ದೇಶದ ಸರಾಸರಿ ರಿಕವರಿ ಏರಿತು, ಅದಕ್ಕೇ ಬೇಸ್ ಏರಿಸಿದ್ದು ಎನ್ನುವ ವಾದ ಇದೆ. ಇರಲಿ. ಆದರೆ ಒಳ್ಳೆಯ ತಳಿ ಹುಡುಕಿ ತಂದು, ಗೊಬ್ಬರ ಹಾಕಿ, ನೀರು ಕಟ್ಟಿದವನು ರೈತ. ರಿಕವರಿ ಏರಿದ್ದಕ್ಕೆ ಅವನಿಗೆ ಸಿಗಬೇಕಿದ್ದ ಹೆಚ್ಚಿನ ಹಣವನ್ನೇ ಈ ಬೇಸ್ ನುಂಗಿಬಿಟ್ಟಿತಲ್ಲ! ಇನ್ನು ಆ ರಿಕವರಿಯ ಲೆಕ್ಕ ಕೊಡುವುದೂ ಫ್ಯಾಕ್ಟರಿಯೇ. ತೂಕದ ಕಾಟಾ ಅವರದು, ಲೆಕ್ಕದ ಪುಸ್ತಕವೂ ಅವರದು. (ಕಾಟಾ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪೋಸ್ಟ್ ಬೇಕು, ಬಿಡಿ.)

ಈಗ ನನ್ನ ಪ್ರಶ್ನೆ. ಬೇಸ್ ಏರಿಸಿ ಅಂತ ಯಾರು ಕೇಳಿದರು? ಯಾವ ಮೀಟಿಂಗಿನಲ್ಲಿ? ಯಾರ ಮುಂದೆ? ಇದನ್ನು ಹುಡುಕಲು ನಮ್ಮ ದೇಶದಲ್ಲಿ ಒಂದು ದಫ್ತರ್ ಇಲ್ಲ. ಲಾಬಿ ಮಾಡುವವರು, ಅಂದರೆ ಸರ್ಕಾರದ ತೀರ್ಮಾನ ತಮ್ಮ ಕಡೆ ತಿರುಗಲಿ ಅಂತ ಒತ್ತಡ ಹಾಕುವವರು, ಹೆಸರು ನೋಂದಾಯಿಸಬೇಕು, ಖರ್ಚು ತೋರಿಸಬೇಕು ಎನ್ನುವ ಕಾನೂನೇ ನಮ್ಮಲ್ಲಿಲ್ಲ.

ಅಮೆರಿಕದಲ್ಲಿ ಇದೆ, ಈಗಿನ ಕಾನೂನು 1995ರದು. ಅಲ್ಲೇನು ಲಾಬಿ ಕಡಿಮೆ ಅಂತಲ್ಲ, ನಮಗಿಂತ ಜಾಸ್ತಿಯೇ. ಆದರೆ ಕಾಗದ ಇದೆ. 2012ರ ಡಿಸೆಂಬರ್‌ನಲ್ಲಿ ವಾಲ್‌ಮಾರ್ಟ್ ವಿಷಯಕ್ಕೆ ಸಂಸತ್ತಿನಲ್ಲಿ ಗದ್ದಲ ಆಯಿತಲ್ಲ, ನೆನಪಿದೆಯಾ? ಆ ಕಂಪನಿ 2008ರಿಂದ ಹಲವು ವಿಷಯಗಳ ಲಾಬಿಗೆ ಸುಮಾರು 125 ಕೋಟಿ ರೂಪಾಯಿ ಖರ್ಚು ಮಾಡಿತ್ತು. ಭಾರತದ ಮಾರುಕಟ್ಟೆಗೆ ಬರುವ ದಾರಿಯೂ ಆ ವಿಷಯಗಳಲ್ಲಿ ಒಂದು. ನಮಗೆ ಅದು ಗೊತ್ತಾದದ್ದು ಅಮೆರಿಕದ ಸೆನೆಟ್‌ಗೆ ಆ ಕಂಪನಿಯೇ ಕೊಟ್ಟ ಲೆಕ್ಕದಿಂದ. ನಮ್ಮ ಮನೆಯ ಸುದ್ದಿಯನ್ನು ಪಕ್ಕದ ಮನೆಯ ಗೋಡೆ ಮೇಲೆ ಓದಿದ ಹಾಗೆ. ಮರುವರ್ಷ ಒಡಿಶಾದ ಸಂಸದ ಕಾಳಿಕೇಶ್ ಸಿಂಗ್ ದೇವ್ ಲಾಬಿ ಬಹಿರಂಗಪಡಿಸಬೇಕು ಅಂತ ಒಂದು ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಬದಲಿಗೆ ಏನಾಯಿತು? 2017ರಲ್ಲಿ ಕಂಪನಿಗಳು ಪಕ್ಷಗಳಿಗೆ ಕೊಡುವ ದೇಣಿಗೆಯ ಮಿತಿಯನ್ನೇ ತೆಗೆದರು. ಮೂರು ವರ್ಷದ ಸರಾಸರಿ ಲಾಭದ ಶೇ 7.5 ಅಂತ ಒಂದು ಬೇಲಿ ಇತ್ತು, ಅದೇ ಹೋಯಿತು. ಮರುವರ್ಷ ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದುಡ್ಡು ಕೊಡುವ ಚುನಾವಣಾ ಬಾಂಡ್ ಬಂತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಅಲ್ಲಿವರೆಗೆ ಬಾಂಡ್‌ನಲ್ಲಿ ಯಾರು ಯಾರಿಗೆ ಕೊಟ್ಟರು ಎಂದು ಕೇಳುವ ಹಕ್ಕೂ ನಮಗಿರಲಿಲ್ಲ.

ಲಾಬಿ ಅಂದರೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾವೂ ಲಾಬಿ ಮಾಡುತ್ತೇವೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ಧರಣಿ ಕೂತ ರೈತರು ಮಾಡಿದ್ದು ಅದನ್ನೇ. ರಸ್ತೆ ಮೇಲೆ, ರೊಟ್ಟಿ ಗಂಟು ಬಿಚ್ಚಿಕೊಂಡು, ಟಿವಿಯವರ ಮುಂದೆ. ಏನು ಬೇಕು ಅಂತ ಮೈಕ್‌ನಲ್ಲೇ ಹೇಳಿದರು: ಟನ್‌ಗೆ 3,500. ಕೊನೆಗೆ 3,300ಕ್ಕೆ ನಿಂತಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಅಂದರೆ ನಮ್ಮದೇ ದುಡ್ಡು, ಅಲ್ವಾ? ಆ 3,300ಕ್ಕೂ 11.25 ರಿಕವರಿ ಎಂಬ ಬಾಲ ಇತ್ತು. ನಮ್ಮ ಮುಧೋಳದ ಕಡೆ ಆಮೇಲೂ ಜಗಳ ನಿಲ್ಲಲಿಲ್ಲ.

ಫ್ಯಾಕ್ಟರಿಯವರ ಲಾಬಿಗೆ ಮೈಕ್ ಬೇಕಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸುತ್ತಿ ಬನ್ನಿ. ಯಾವ ಚಿಮಣಿ ಯಾವ ನಾಯಕರ ಮನೆಯವರದು ಅಂತ ಬಸ್ಸಿನ ಕಂಡಕ್ಟರ್ ಹೇಳುತ್ತಾನೆ. ಈ ಪಕ್ಷ ಆ ಪಕ್ಷ ಅಂತಿಲ್ಲ. ದೆಹಲಿಯಲ್ಲಿ ಕಂಪನಿಯವರು ಮಂತ್ರಿಗಳ ಬಾಗಿಲಲ್ಲಿ ಕಾಯಬೇಕಾಗಬಹುದು. ನಮ್ಮಲ್ಲಿ ಬಾಗಿಲೇ ಇಲ್ಲ. ಕೇಳುವವರೂ ಅವರೇ, ಕೊಡುವವರೂ ಅವರೇ. ರೈತರ ಜೊತೆ ಸಂಧಾನಕ್ಕೆ ಬಂದು ಕೂರುವವರೂ ಕೆಲವು ಸಲ ಅವರೇ!

ನನಗೆ ದೊಡ್ಡ ಕ್ರಾಂತಿ ಏನೂ ಬೇಡ. ದರ, ಬೇಸ್, ಎಥೆನಾಲ್, ಬಾಕಿ ಬಿಲ್ಲು ಇವುಗಳ ಚರ್ಚೆಗೆ ಕೂರುವ ಮೊದಲು ಫ್ಯಾಕ್ಟರಿ ಇರುವ ಜನಪ್ರತಿನಿಧಿ "ನನಗೆ ಫ್ಯಾಕ್ಟರಿ ಇದೆ" ಅಂತ ಹೇಳಲಿ. ತೀರ್ಮಾನದ ಹೊತ್ತಿಗೆ ಎದ್ದು ಹೊರಗೆ ಹೋಗಲಿ. ಸಕ್ಕರೆ ವಿಷಯಕ್ಕೆ ಮಂತ್ರಿಗಳನ್ನು ಯಾರು ಯಾವಾಗ ಕಂಡರು, ಏನು ಬೇಕೆಂದರು, ಅದನ್ನು ತಿಂಗಳಿಗೊಮ್ಮೆ ವೆಬ್‌ಸೈಟಿಗೆ ಹಾಕಲಿ. ರೈತ ಸಂಘದವರು ಕಂಡದ್ದನ್ನೂ ಹಾಕಲಿ, ನಮಗೇನು ಮುಚ್ಚಿಡುವುದಿದೆ? ಸುವರ್ಣ ವಿಧಾನಸೌಧದಲ್ಲಿ ಮುಂದಿನ ಅಧಿವೇಶನಕ್ಕೆ ಬಂದವರನ್ನು ಇಷ್ಟು ಕೇಳಿದರೂ ಸಾಕು.

ಈ ಲೆಕ್ಕವನ್ನೆಲ್ಲ ಕ್ಯಾಲೆಂಡರ್ ಹಿಂದೆ ಬರೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದ. ಏನೂ ಅನ್ನಲಿಲ್ಲ. ಊಟ ಮುಗಿಸಿ ಕೈ ತೊಳೆಯುವಾಗ ಕೇಳಿದ, "ತಮ್ಮಾ, ಮುಂದಿನ ಸಲ ಪೇಪರ್‌ನ್ಯಾಗ ರೇಟ್ ಬಂದಾಗ ಫೋನ್ ಮಾಡು. ರೇಟ್ ನಾನೇ ಓದ್ತೀನಿ. ಬೇಸ್ ಎಷ್ಟು ಮಾಡ್ಯಾರ, ಅದನ್ನ ಹೇಳು."