ಕೋಡ್ ರಿವರ್ಟ್ ಮಾಡಬಹುದು, ಡಿಸ್ಕ್ ಮೇಲೆ ಬರೆದಿದ್ದನ್ನು?

"ಮರ್ಜ್ ಮಾಡಿಬಿಡಿ ಸರ್, ಏನಾದ್ರೂ ಆದ್ರೆ ರಿವರ್ಟ್ ಇದೆಯಲ್ಲ." ಬೆಂಗಳೂರಲ್ಲಿ ಓಪನ್ ಸೋರ್ಸ್ ಕೆಲಸ ಮಾಡುವ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮರ್ಜ್ ಅಂದರೆ ಹೊಸ ಕೋಡ್ ಅನ್ನು ಮುಖ್ಯ ಕೋಡ್‌ಗೆ ಸೇರಿಸುವುದು, ರಿವರ್ಟ್ ಅಂದರೆ ಅದನ್ನು ವಾಪಸ್ ತೆಗೆಯುವುದು. ವೆಬ್‌ಸೈಟಿನ ಬಟನ್ ಬಣ್ಣ ಬದಲಿಸಿದ್ದರೆ ಸರಿ ಕಣ್ರೀ. ಡೇಟಾ ಇಡುವ ಸ್ಟೋರೇಜ್ ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಕೋಡ್‌ನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ಕೋಡ್ ಹಿಂದಕ್ಕೆ ಹೋಗುತ್ತದೆ, ಆದರೆ ಅಷ್ಟರಲ್ಲಿ ಆ ಕೋಡ್ ಯಾರದೋ ಡಿಸ್ಕ್ ಮೇಲೆ ಹೊಸ ಫಾರ್ಮ್ಯಾಟ್‌ನಲ್ಲಿ ಡೇಟಾ ಬರೆದು ಕೂತಿರುತ್ತದೆ, ಹಳೆ ಕೋಡ್‌ಗೆ ಅದನ್ನು ಓದೋಕೇ ಬರುವುದಿಲ್ಲ. ಮೊಸರು ಮತ್ತೆ ಹಾಲಾಗುತ್ತದಾ?

ಅದಕ್ಕೇ ಸಾವಿರಾರು ಸಾಲಿನ ಪಿಆರ್ (ಮರ್ಜ್ ಮಾಡಿ ಅಂತ ಕಳಿಸುವ ಪುಲ್ ರಿಕ್ವೆಸ್ಟ್) ಒಂದೇ ಏಟಿಗೆ ಬಂದರೆ ನಾನು ಮೊದಲು ಕೇಳುವುದು, ಇದನ್ನು ಒಡೆಯೋಕಾಗಲ್ವಾ ಅಂತ. ಫಂಕ್ಷನ್ ಹೆಸರು ಬದಲಿಸಿದ್ದು, ಫೈಲ್ ಸರಿಸಿದ್ದು ಬೇರೆ ಕಮಿಟ್‌ನಲ್ಲಿ, ಅಂದರೆ ಗಿಟ್‌ನಲ್ಲಿ ದಾಖಲಾಗುವ ಬೇರೆ ಬದಲಾವಣೆಯಾಗಿ, ಇರಲಿ. ಪ್ರತಿ ಕಮಿಟ್ ತಾನೇ ಬಿಲ್ಡ್ ಆಗಬೇಕು, ಟೆಸ್ಟ್ ಪಾಸಾಗಬೇಕು. ಇಲ್ಲದಿದ್ದರೆ ನಾಳೆ ಬೈಸೆಕ್ಟ್ ಮಾಡುವವನ, ಅಂದರೆ ಬಗ್ ಯಾವ ಕಮಿಟ್‌ನಲ್ಲಿ ಬಂತು ಅಂತ ಅರ್ಧರ್ಧ ಮಾಡಿ ಹುಡುಕುವವನ ಪಾಡು ದೇವರಿಗೇ ಪ್ರೀತಿ. ಆಮೇಲೆ ಹೊಸ ಫಾರ್ಮ್ಯಾಟ್ ಓದುವ ಕೋಡ್ ಒಂದು ರಿಲೀಸ್‌ನಲ್ಲಿ ಹೋಗಲಿ, ಬರೆಯುವ ಕೋಡ್ ಮುಂದಿನದರಲ್ಲಿ, ಅದೂ ಡೀಫಾಲ್ಟ್ ಆಗಿ ಆಫ್.

ಇದೇನು ಹೊಸ ವಿಷಯ ಅಲ್ಲ. ಹಲವು ಕಂಪ್ಯೂಟರ್‌ಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಮಾಡುವ ಗ್ಲಸ್ಟರ್ ಅನ್ನು ರೆಡ್ ಹ್ಯಾಟ್ ಕಂಪನಿ 2011ರಲ್ಲಿ ಕೊಂಡಿತು, ಅದರ ಕೆಲಸ ಬಹಳಷ್ಟು ನಡೆದದ್ದು ನಮ್ಮ ಬೆಂಗಳೂರಲ್ಲೇ. ಅದರಲ್ಲಿ ಆಪ್-ವರ್ಷನ್ ಅಂತ ಒಂದು ನಂಬರ್ ಇದೆ. ಕ್ಲಸ್ಟರ್‌ನ ಎಲ್ಲ ನೋಡ್‌ಗಳೂ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳೂ) ಅಪ್‌ಗ್ರೇಡ್ ಆದ ಮೇಲಷ್ಟೇ ಅದನ್ನು ಏರಿಸುತ್ತಾರೆ, ಅಲ್ಲಿಯವರೆಗೆ ಅದಕ್ಕೆ ಕಟ್ಟಿದ ಹೊಸ ಫೀಚರ್‌ಗಳು ಸುಮ್ನೆ ಕೂತಿರುತ್ತವೆ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಸೆಫ್‌ನವರು ಡಿಸ್ಕ್ ಮೇಲೆ ಡೇಟಾ ಬರೆಯುವ ಹೊಸ ಭಾಗ ಬ್ಲೂಸ್ಟೋರ್ ಅನ್ನು 2016ರಲ್ಲಿ ಪ್ರಯೋಗ ಅಂತಲೇ ಬಿಟ್ಟರು, 2017ರಲ್ಲಿ ಡೀಫಾಲ್ಟ್ ಮಾಡಿದರು. ಹಳೆ ಫೈಲ್‌ಸ್ಟೋರ್ ಕೂಡ ಅದೇ ಕ್ಲಸ್ಟರ್‌ನಲ್ಲಿ ಪಕ್ಕಪಕ್ಕದಲ್ಲೇ ಓಡಬಹುದಿತ್ತು, ಒಂದೊಂದೇ ಡಿಸ್ಕ್ ಬದಲಿಸಿಕೊಂಡು ಹೋಗಬಹುದಿತ್ತು.

ಆದರೂ ಪೆಟ್ಟು ತಪ್ಪುವುದಿಲ್ಲ ಅನ್ನುವುದಕ್ಕೆ ಓಪನ್‌ಜೆಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್‌ನ ಕಥೆ ನೋಡಿ. 2023ರ ಅಕ್ಟೋಬರ್‌ನಲ್ಲಿ 2.2.0 ಬಂತು, ಬ್ಲಾಕ್ ಕ್ಲೋನಿಂಗ್ ಅನ್ನುವ ದೊಡ್ಡ ಫೀಚರ್ ಜೊತೆಗೆ (ಫೈಲ್ ಕಾಪಿ ಮಾಡಿದಾಗ ಡೇಟಾ ಮತ್ತೆ ಬರೆಯದೆ ಹಳೆಯದನ್ನೇ ಹಂಚಿಕೊಳ್ಳುವುದು). ಸ್ವಲ್ಪ ದಿನದಲ್ಲೇ ಕೆಲವರ ಕಾಪಿ ಮಾಡಿದ ಫೈಲ್‌ಗಳಲ್ಲಿ ಡೇಟಾ ಇರಬೇಕಾದ ಜಾಗದಲ್ಲಿ ಸೊನ್ನೆಗಳು! ಎಲ್ಲರೂ ಹೊಸ ಫೀಚರ್ ಮೇಲೇ ಗುಮಾನಿ ಪಟ್ಟರು, 2.2.1ರಲ್ಲಿ ಅದನ್ನು ಆಫ್ ಮಾಡಿದರು. ಕೊನೆಗೆ ಸಿಕ್ಕಿದ್ದು ವರ್ಷಗಟ್ಟಲೆ ಹಳೆಯ ಬಗ್. ಫೈಲ್ ಇನ್ನೂ ಡಿಸ್ಕ್‌ಗೆ ಪೂರ್ತಿ ಇಳಿದಿಲ್ಲ ಅನ್ನುವುದನ್ನು ಗುರುತಿಸುವ ಚೆಕ್‌ನಲ್ಲೇ ತೂತಿತ್ತು. ಟೈಮಿಂಗ್ ಸರಿಯಾಗಿ ಕೂಡಿಬಂದಾಗ ಮಾತ್ರ ಕಾಣುವಂಥದ್ದು, ಟೆಸ್ಟ್‌ಗಳ ಕಣ್ಣು ತಪ್ಪಿಸಿ ಅಷ್ಟು ವರ್ಷ ಕೂತಿತ್ತು. ಹೊಸ ಫೀಚರ್ ಬಂದ ಮೇಲೆ ಸಿಗೋದು ಜಾಸ್ತಿ ಆಯಿತು, ಅಷ್ಟೇ. ನವೆಂಬರ್ ಕೊನೆಗೆ 2.2.2 ಮತ್ತು 2.1.14ರಲ್ಲಿ ಸರಿಪಡಿಸಿದರು. ಅಷ್ಟರಲ್ಲಿ ಫೀಚರ್ ಆಫ್ ಮಾಡಿದ್ದರಲ್ಲ, ತನಿಖೆಗೆ ಉಸಿರಾಡಲು ಟೈಮ್ ಸಿಕ್ಕಿತು.

ಅದೇ ಪ್ರಾಜೆಕ್ಟಿನ ರೇಡ್‌ಜೆಡ್ ಎಕ್ಸ್‌ಪಾನ್ಷನ್ (ಇರುವ ಡಿಸ್ಕ್ ಗುಂಪಿಗೆ ಇನ್ನೊಂದು ಡಿಸ್ಕ್ ಸೇರಿಸುವ ಫೀಚರ್) 2023ರ ನವೆಂಬರ್‌ನಲ್ಲಿ ಮರ್ಜ್ ಆಯಿತು, ಜನರ ಕೈಗೆ 2.3.0 ಆಗಿ ಬಂದಿದ್ದು 2025ರ ಜನವರಿಯಲ್ಲಿ. ಇಷ್ಟು ನಿಧಾನಾನಾ ಅಂತ ಗೊಣಗುವವರಿದ್ದಾರೆ. ಗೊಣಗಲಿ. ಅವರ ಮಗಳ ಫೋಟೋಗಳೂ ಅದೇ ಡಿಸ್ಕ್‌ಗಳ ಪೂಲ್‌ನಲ್ಲಿ ಇರುತ್ತವೆ ಅಲ್ವಾ?

ಇಲ್ಲಿ ನಿಜವಾದ ಒತ್ತಡ ಬರುವುದು ಕ್ವಾರ್ಟರ್ ಎಂಡ್‌ನಿಂದ, ಅಪ್ರೈಸಲ್‌ನಿಂದ. ಪಿಆರ್ ಹಾಕಿದವರ ಕಷ್ಟ ನನಗೂ ಅರ್ಥ ಆಗುತ್ತದೆ. ಆದರೂ, ಡೌನ್‌ಗ್ರೇಡ್ ಮಾಡಿದರೆ ಡೇಟಾ ಏನಾಗುತ್ತದೆ ಅಂತ ವಿವರಣೆಯಲ್ಲಿ ಬರೆಯದಿದ್ದರೆ ನಾನಂತೂ ಅಪ್ರೂವ್ ಒತ್ತುವುದಿಲ್ಲ. ಬೈದುಕೊಳ್ಳಿ, ಪರವಾಗಿಲ್ಲ.