32 ಇಂಚಿನ ಹಿಂದೆ ಯಾರೋ ಇದ್ದಾರೆ

ಮಂಡ್ಯದವರಿಗೆ ಅಡಿ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆ ಎಷ್ಟಡಿ ಬಂತು ಅಂತ ಕೇಳಿಕೊಂಡೇ ಟೀ ಕುಡಿಯೋ ಜನ ನಾವು. ಸ್ವಂತ ಫೋನ್ ನಂಬರ್ ಮರೆತರೂ ಕಟ್ಟೆ ತುಂಬೋ 124.80 ಅಡಿ ಮರೆಯಲ್ಲ. ಇಂಚಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹಿಂದೆ. ಅದು ಗೊತ್ತಾಗಿದ್ದು ಮೊನ್ನೆ, ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವುದು ಅಂತ ಕೇಳಬೇಡಿ, ನನ್ನ ಅರ್ಜಿ ಇನ್ನೂ ಅಲ್ಲೇ ಇದೆ.

ಕೆಲಸ ದೊಡ್ಡದೇನಲ್ಲ. ದಾಖಲೆಯಲ್ಲಿ ಅಪ್ಪನ ಹೆಸರಿನ ‘ಪುಟ್ಟ’ ಹೋಗಿ ‘ಪುಟ’ ಆಗಿದೆ. ಬಿದ್ದುಹೋದ ಒಂದು ಒತ್ತು ಹಾಕಿಸಬೇಕು. ಕೌಂಟರಿಗೆ ಹೋದೆ. ಕಿಂಡಿಯಲ್ಲಿ ಮನುಷ್ಯರಿರಲಿಲ್ಲ, ಒಂದು ಮಾನಿಟರಿನ ಬೆನ್ನಿತ್ತು. ಕಪ್ಪು ಬೆನ್ನು, ನಡುವೆ ನಾಲ್ಕು ತಿರುಪಿನ ತೂತು, ಕೆಳಗೆ ಇನ್ನೂ ಕೀಳದ ಪ್ಲಾಸ್ಟಿಕ್ ಹಾಳೆ.

“ಯಾರಾದ್ರೂ ಇದ್ದೀರಾ?” ಅಂದೆ.

“ಇವ್ನಿ, ಯೋಳಿ ಸಾ” ಅಂತು ಮಾನಿಟರು.

ಎಡಕ್ಕೆ ಬಗ್ಗಿದೆ, ಒಂದು ಕಿವಿ ಕಂಡಿತು. ಬಲಕ್ಕೆ ಬಗ್ಗಿದೆ, ಸ್ಟೇಪ್ಲರ್ ಹಿಡಿದ ಕೈ. ಎರಡನ್ನೂ ಕೂಡಿಸಿ ಅಲ್ಲೊಬ್ಬ ಕೇಸ್ ವರ್ಕರ್ ಇದ್ದಾರೆ ಅಂತ ತೀರ್ಮಾನಕ್ಕೆ ಬಂದೆ. ನನ್ನ ಹಿಂದಿದ್ದ ಅಜ್ಜಿಗೆ ಈ ವ್ಯಾಯಾಮ ಆಗಲಿಲ್ಲ. ಅವರು ಮಾನಿಟರಿಗೇ ಕೈಮುಗಿದು ಪಿಂಚಣಿ ಕಷ್ಟ ಹೇಳಿಕೊಂಡರು. ನೋಡಿದವರು ಯಾರೂ ನಗಲಿಲ್ಲ. ಅಲ್ಲಿಗೆ ಬರೋರಿಗೆಲ್ಲ ಅದು ರೂಢಿಯಾಗಿದೆ.

ಸಿಕ್ಕಿದ ಸಲಿಗೆಯಲ್ಲಿ ಪಕ್ಕದ ಬಾಗಿಲಿಂದ ಒಳಗೆ ಹೋದೆ. ಟೇಬಲ್ಲು ನಾಲ್ಕಡಿ ಉದ್ದ, ಎರಡಡಿ ಅಗಲ. ಮಾನಿಟರ್ 32 ಇಂಚು. ಅಂದರೆ ಅಡ್ಡಡ್ಡ 71 ಸೆಂಟಿಮೀಟರ್, ಎತ್ತರ 40, ಕಾಲು ಬೇರೆ. ಆ ಕಾಲೇ ಟೇಬಲ್ಲಿನ ಒಂದು ಗೇಣು ನುಂಗಿದೆ. ಉಳಿದದ್ದರಲ್ಲಿ ಕೀಬೋರ್ಡು, ಫೈಲು, ಸೀಲು, ಶಾಯಿ ಪ್ಯಾಡು, ಊಟದ ಡಬ್ಬಿ. ಹೀಗಾಗಿ ಪರದೆಗೂ ಕೇಸ್ ವರ್ಕರ್ ಮೂಗಿಗೂ ಇರುವ ದೂರ ಒಂದು ಮೊಳ. ಅದೂ ಹೂವಿನವಳ ಮೊಳ.

ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಷ್ಟಾದರೂ ದೂರ ಬೇಕು, 50ರಿಂದ 100 ಸೆಂಟಿಮೀಟರ್ ಒಳಗೆ, ಪರದೆ ದೊಡ್ಡದಾದಷ್ಟೂ ಹಿಂದೆ ಸರಿಯಬೇಕು. ಇವರು ಸರಿಯೋದೆಲ್ಲಿಗೆ? ಬೆನ್ನಿಗೆ ಬೀರು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಬೇಕು, ಇಲ್ಲಿ ಹಣೆ ದಾಟಿತ್ತು. ಜೊತೆಗೆ ಚಾಳೀಸು. ಕನ್ನಡಕದ ಕೆಳತುಂಡಿನಲ್ಲಿ ಓದಬೇಕಾದರೆ ಗದ್ದ ಎತ್ತಲೇಬೇಕು. ಬೆಳಗೊಳದಲ್ಲಿ ಬೆಟ್ಟ ಹತ್ತಿದವರು ಗೊಮ್ಮಟನ ಮುಂದೆ ನಿಲ್ಲುತ್ತಾರಲ್ಲ, ಥೇಟ್ ಅದೇ ಭಂಗಿ, ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ.

“ದೊಡ್ಡದಲ್ವಾ, ಅಕ್ಷರನಾದ್ರೂ ಚೆನ್ನಾಗಿ ಕಾಣ್ತದಾ?” ಅಂದೆ.

“ಎಲ್ ಸಾ! ಅಸಿಟ್ಟು ಅಷ್ಟೇ, ಮುದ್ದೆ ಮಾತ್ರ ದೊಡ್ಡದು ಬೇಕು ಅಂದ್ರೆ ಆದದಾ?”

ಇದಕ್ಕಿಂತ ಚೆನ್ನಾಗಿ ರೆಸಲ್ಯೂಶನ್ ವಿವರಿಸಿದವರನ್ನು ನಾನು ಕಂಡಿಲ್ಲ. ಪರದೆಯಲ್ಲಿ ಅಕ್ಷರ ಮೂಡಿಸುವ ಚುಕ್ಕಿಗಳು 1920 ಅಡ್ಡ, 1080 ಉದ್ದ, ಅಷ್ಟೇ. 24 ಇಂಚಿನ ಪರದೆಯಲ್ಲಾದರೆ ಇಂಚಿಗೆ 92 ಚುಕ್ಕಿ ಬೀಳುತ್ತವೆ. ಅದನ್ನೇ 32ಕ್ಕೆ ಎಳೆದರೆ 69. ಇಂಗ್ಲಿಷಿನ ಓ, ಎಲ್ ಹೇಗೋ ಬದುಕಿಕೊಳ್ಳುತ್ತವೆ. ನಮ್ಮ ಒತ್ತಕ್ಷರಕ್ಕೆ ಕಾಲು ಇರೋದೇ ಅಷ್ಟಗಲ, ಅದು ಮೂಗಿನ ಹತ್ತಿರ ಹುಳು ಹರಿದ ಹಾಗೆ ಕಾಣುತ್ತದೆ. ಅಪ್ಪನ ಒತ್ತು ಎಲ್ಲಿ ಬಿದ್ದಿರಬಹುದು ಅನ್ನೋದು ನನಗೆ ಆಗ ಹೊಳೆಯಿತು.

ಇಂಚಿನಲ್ಲೂ ಒಂದು ಮೋಸ ಇದೆ. ಮಾನಿಟರನ್ನು ಅಗಲಕ್ಕೆ ಅಳೆಯಲ್ಲ, ಮೂಲೆಯಿಂದ ಮೂಲೆಗೆ ಅಳೀತಾರೆ. 30×40 ಸೈಟನ್ನು ಹಂಗೆ ಅಳೆದರೆ ಸರಿಯಾಗಿ 50 ಅಡಿ ಬರುತ್ತದೆ. ಸದ್ಯ, ಮೈಸೂರಿನ ಸೈಟ್ ಬ್ರೋಕರುಗಳಿಗೆ ಇದಿನ್ನೂ ಹೊಳೆದಿಲ್ಲ.

ಸರಿ, ಈ ದೈತ್ಯ ಇಲ್ಲಿಗೆ ಹೇಗೆ ಬಂತು? ಮಾರ್ಚ್ ತಿಂಗಳಲ್ಲಿ ಬಂತು. ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ದುಡ್ಡು ವಾಪಸ್. ಮೊದಲು ಯಾರೋ ಬುದ್ಧಿವಂತರು 22 ಅಂತ ಬರೆದಿದ್ದರಂತೆ. ಫೈಲು ಮೇಲಿನ ಟೇಬಲ್ಲಿಗೆ ಹೋಯಿತು, ಅವರು 24 ಮಾಡಿದರು. ಸಹಿ ಹಾಕೋರು ಏನಾದರೂ ಸೇರಿಸದೆ ಹಾಕಿದರೆ ಓದಿಲ್ಲ ಅಂತಾಗುತ್ತಲ್ಲ. ಅದರ ಮೇಲಿನವರು 27, ಅದಕ್ಕೂ ಮೇಲಿನವರು ‘32, ಅಥವಾ ಹೆಚ್ಚು’. ಟೇಬಲ್ ಎಷ್ಟಗಲ ಇದೆ ಅಂತ ಅಳೆಯಲಿಲ್ಲವೇ ಅಂದರೆ, ಅದು ಬೇರೆ ಹೆಡ್ಡು ಸ್ವಾಮಿ. ಕಂಪ್ಯೂಟರಿಗೆ ಒಂದು ಲೆಕ್ಕಶೀರ್ಷಿಕೆ, ಪೀಠೋಪಕರಣಕ್ಕೆ ಇನ್ನೊಂದು. ಮಾನಿಟರೂ ಟೇಬಲ್ಲೂ ಒಂದೇ ಫೈಲಿನಲ್ಲಿ ಭೇಟಿಯಾದರೆ ಆಡಿಟ್ ಆಕ್ಷೇಪಣೆ ಬರುತ್ತದಂತೆ. ಮನುಷ್ಯನ ಕತ್ತು ಯಾವ ಹೆಡ್ಡಿನಲ್ಲೂ ಇಲ್ಲ.

ಬಂದದ್ದನ್ನು ಹಂಚಿದ್ದು ಮಾತ್ರ ನಮ್ಮ ನಾಲೆಯ ಶಾಸ್ತ್ರದ ಪ್ರಕಾರ, ತಲೆಗೆ ತುಂಬ, ಬಾಲಕ್ಕೆ ಒಣ. ಸಾಹೇಬರ ಚೇಂಬರಿಗೆ 34 ಇಂಚಿನದು, ಬಾಗಿದ್ದು. ಕುರ್ಚಿಯ ಟರ್ಕಿ ಟವೆಲ್ಲಿಗೆ ಈಗ ಜೊತೆ ಸಿಕ್ಕಿದೆ. ಅದರಲ್ಲಿ ಬೃಂದಾವನದ ಕಾರಂಜಿಯ ಚಿತ್ರ ಸದಾ ಚಿಮ್ಮುತ್ತಿರುತ್ತದೆ, ಮೌಸು ಕವರಿನಲ್ಲೇ ಇದೆ. ಮೂಲೆಯಲ್ಲಿ ಕೂತು ಇಡೀ ಕಚೇರಿಯ ಟೈಪಿಂಗ್ ಮಾಡುವ ಆಪರೇಟರ್ ಹುಡುಗಿಗೆ ಹದಿನೆಂಟೂವರೆ ಇಂಚಿನ ಹಳೇದು. ಎರಡು ರಿಜಿಸ್ಟರ್ ಮೇಲೆ ಎತ್ತಿಟ್ಟುಕೊಂಡಿದ್ದಾಳೆ, ನೇರ ಕಣ್ಣಿನ ಮಟ್ಟಕ್ಕೆ. ಕಚೇರಿಯಲ್ಲಿ ಕತ್ತು ನೋಯದ ಒಬ್ಬಳೇ ಒಬ್ಬಳು ಅವಳು. “ನಂಗೂ ದೊಡ್ಡದು ಕೊಡ್ಸಿ ಸಾರ್ ಅಂತ ಕೇಳಿದೀನಿ” ಅಂದಳು. ಬೇಡ ತಾಯಿ ಅಂತ ಬಾಯಿಗೆ ಬಂತು. ಪ್ರತಿಷ್ಠೆಯ ಮಾತು, ನುಂಗಿಕೊಂಡೆ.

ಈ ವರ್ಷದ ಮಾರ್ಚಿನಲ್ಲಿ ಟೇಬಲ್ಲುಗಳೂ ಬಂದಿವೆ. ಮಾನಿಟರಿಗೆ ತಕ್ಕಂತೆ ಮೂರಡಿ ಅಗಲ. ಒಳಗೆ ಹಾಕಿ ನೋಡಿದರಂತೆ, ಬೀರುವಿನ ಬಾಗಿಲು ತೆಗೆಯಲಾಗಲಿಲ್ಲ. ಬೀರುವಿನಲ್ಲಿ ಫೈಲಿದೆ, ಫೈಲಿನಲ್ಲಿ ನಾವಿದ್ದೇವೆ. ಹಾಗಾಗಿ ಟೇಬಲ್ಲುಗಳು ಹೊರಗೆ ಬೇವಿನ ಮರದ ಕೆಳಗಿವೆ.

ಅದರಲ್ಲೊಂದನ್ನು ಅರ್ಜಿ ಬರೆಯುವ ಯಜಮಾನರು ಹಿಡಿದುಬಿಟ್ಟಿದ್ದಾರೆ. ಮೂರಡಿ ಟೇಬಲ್ಲು, ಮೇಲೆ 15 ಇಂಚಿನ ಲ್ಯಾಪ್‌ಟಾಪು, ಸುತ್ತ ಗದ್ದೆಯಷ್ಟು ಜಾಗ. ಕೇಸ್ ವರ್ಕರ್ ನನ್ನನ್ನು ಅಲ್ಲಿಗೇ ಕಳಿಸಿದರು: “ನಮ್ದರಲ್ಲಿ ಸರ್ಯಾಗಿ ಕಾಣಾಕಿಲ್ಲ ಸಾ, ಅವ್ರತ್ರ ನೋಡಿಸ್ಕ ಬನ್ನಿ.”

ಯಜಮಾನರು ಕಾಗದ ನೋಡಿದರು, ಪರದೆ ನೋಡಿದರು, ಬೆರಳಿಟ್ಟು ತೋರಿಸಿದರು. “ಇಲ್ಲೇ ಬಿದ್ದದೆ ನೋಡಿ ಸಾ, ಟ ವತ್ತು. ಇಪ್ಪತ್ ರೂಪಾಯ್ ಕೊಡಿ.”